ಸುಬ್ಬಿಗೆ ಕೊಸರು ಬೇಡ

ನಮ್ಮ ಮನೆಯ ಶೋಕೇಸಿನಲ್ಲಿ ಯಜಮಾನರು ಕೇರಂ ಪಂದ್ಯದಲ್ಲಿ ಗೆದ್ದ ಕಪ್ ಇದೆ, ಮಗಳಿಗೆ ರಂಗೋಲಿ ಸ್ಪರ್ಧೆಯಲ್ಲಿ ಬಂದ ಸ್ಟೀಲಿನ ಡಬ್ಬಿ ಇದೆ, ಅವೆರಡರ ನಡುವೆ ಗಾಜು ಹಾಕಿಸಿದ ಒಂದು ಹಾಳೆ ಇದೆ. ಹಾಳೆ ನನ್ನದು. ಮನೆಗೆ ಬಂದವರು ಚಾ ಬರುವ ತನಕ ಏನನ್ನಾದರೂ ನೋಡಬೇಕಲ್ಲ, ಅದನ್ನೇ ನೋಡುತ್ತಾರೆ. ಎಡಗಡೆ ಬಲ, ಚುರುಕು, ತಾಳಿಕೆ, ತಿಳಿವು, ಮಾತು ಎಂದು ಬರೆದಿದೆ. ಒಂದೊಂದರ ಎದುರಿಗೂ ಒಂದೊಂದು ಅಂಕೆ. ಕೆಳಗೆ ಒಂದು ಸಹಿ, ಒಂದು ನೀಲಿ ಮೊಹರು. ಕೆಲವರು ಜಾತಕವೆಂದುಕೊಳ್ಳುತ್ತಾರೆ. ನಾದಿನಿಯ ಕಡೆಯ ನೆಂಟರೊಬ್ಬರು ಮಾತ್ರ ರಕ್ತಪರೀಕ್ಷೆಯ ರಿಪೋರ್ಟೆಂದು ತಿಳಿದು, ದನಿ ತಗ್ಗಿಸಿ, ಈಗ ಹೇಗಿದ್ದೀರಿ ಎಂದು ವಿಚಾರಿಸಿದರು. ಬಲ ಸ್ವಲ್ಪ ಕಡಿಮೆ, ಮಾತು ಹೆಚ್ಚು ಎಂದೆ. ಎರಡನೆಯದು ಅವರಿಗೆ ಮೊದಲೇ ಗೊತ್ತಿತ್ತಂತೆ.

ಆ ಹಾಳೆ ಸುಬ್ಬಿಯದು. ಸುಬ್ಬಿ ಎಂದರೆ ಅಘನಾಶಿನಿ ಹೊಳೆಯ ಕಡವಿನಲ್ಲಿ, ನಮ್ಮ ಕಡೆಯ ಮಾತಿನಲ್ಲಿ ತಾರಿಯಲ್ಲಿ, ದೋಣಿ ದಾಟಿಸುವ ಹೆಂಗಸು. ಅವಳಿಗೆ ತಂದೆತಾಯಿ ಇಲ್ಲ, ರೇಷನ್ ಕಾರ್ಡ್ ಇಲ್ಲ, ಅವಳು ಯಾವ ಮನೆಯಲ್ಲಿಯೂ ಹುಟ್ಟಿದವಳಲ್ಲ. ಅವಳನ್ನು ನಾನೇ ಮಾಡಿದ್ದು, ಅದೂ ನಿಯಮಬದ್ಧವಾಗಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೀರೇನೋ, ಎನ್ನಿ. ಆದರೆ ಈ ಹೆಗ್ಗಣಕ್ಕೆ ಸಹಿ ಮೊಹರು ಬಿದ್ದಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಕುಮಟೆಯಲ್ಲಿ ಹಾಗೆ ಮೊಹರು ಬಿದ್ದ ಮೊದಲ ಹೆಂಗಸು ಅವಳು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಒಂದು ಮೇಜಿನ ಸುತ್ತ ಐದಾರು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ತಾವೇ ಮಾಡಿಕೊಂಡ ಒಂದೊಂದು ಪಾತ್ರವಾಗಿರುತ್ತಾರೆ. ಕಥೆ ನಡೆಸುವವರು, ಎದುರಿಗೆ ಗುಹೆ, ಒಳಗೆ ಏನೋ ಉಸಿರಾಡುತ್ತಿದೆ, ಈಗೇನು ಮಾಡುತ್ತೀರಿ ಎನ್ನುತ್ತಾರೆ. ನಾವು ನಮ್ಮ ಪಾತ್ರದ ಬಾಯಲ್ಲಿ ಉತ್ತರ ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಹಲವು ಮುಖಗಳ ದಾಳ ಹಾಕಿ, ಬಿದ್ದ ಅಂಕೆಗೆ ಹಾಳೆಯ ಮೇಲಿನ ಅಂಕೆ ಕೂಡಿಸಿ, ಗೊತ್ತುಮಾಡಿದ ಮೊತ್ತ ಮುಟ್ಟಿತೇ ಎಂದು ನೋಡಿ ತೀರ್ಮಾನಿಸುತ್ತಾರೆ. ಕಾಯಿ ನಡೆಸುವುದಿಲ್ಲ, ಮನೆ ಕಟ್ಟುವುದಿಲ್ಲ, ಗೆದ್ದವರಿಗೆ ಕಪ್ ಇಲ್ಲ. ಇದನ್ನೆಲ್ಲ ನಾನು ಮೊದಲ ಸಲ ವಿವರಿಸಿದಾಗ ಯಜಮಾನರು ಪೇಪರಿನಿಂದ ತಲೆಯೆತ್ತದೆ, ಅಂದರೆ ಕೂತುಕೊಂಡು ಸುಳ್ಳು ಹೇಳುವುದು ಎಂದರು. ಸುಳ್ಳೇ, ಆದರೆ ಲೆಕ್ಕವಿಟ್ಟು ಹೇಳುವುದು ಎಂದೆ ನಾನು.

ಭಟ್ಕಳಕ್ಕೆ ದುಬೈಯಿಂದ ಸೆಂಟು, ಟಾರ್ಚು, ಹಾಲಿನ ಪುಡಿ ಬರುವುದು ಹೊಸತೇನಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಇರ್ಫಾನ್ ಭಾಯಿಯ ಸೂಟ್‌ಕೇಸಿನಲ್ಲಿ ಈ ಆಟವೂ ಬಂತು. ಅವರು ಅಲ್ಲಿ ಅಕೌಂಟೆಂಟ್ ಆಗಿದ್ದರು. ರಜೆಯ ದಿನ ಹತ್ತು ದೇಶದವರ ಜೊತೆ ಕೂತು ಆಡುತ್ತಿದ್ದರಂತೆ. ಊರಿಗೆ ಬಂದು ಮನೆಯ ಬಟ್ಟೆ ಅಂಗಡಿ ನೋಡಿಕೊಳ್ಳತೊಡಗಿದ ಮೇಲೆ ಆ ಮೇಜಿನ ನೆನಪಾಗಿ, ಅಂಗಡಿಯ ಮಹಡಿಯಲ್ಲೇ ಒಂದು ಮೇಜು ಹಾಕಿದರು. ರೈಲಿನಲ್ಲಿ ಪರಿಚಯವಾದ ನಮ್ಮ ಕುಮಟೆಯ ಭಟ್ಟರಿಗೆ ಕಲಿಸಿದರು. ಭಟ್ಟರು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವರು. ಅಷ್ಟರಲ್ಲಿ ಹೊನ್ನಾವರದಲ್ಲೂ ಒಂದು ಟ್ಯೂಷನ್ ಕ್ಲಾಸಿನ ಬೆಂಚುಗಳ ಮೇಲೆ ಆಟ ಶುರುವಾಯಿತು. ಹೀಗೆ ಮೂರು ಊರು, ಮೂರು ಮೇಜು.

ನಾನು ಭಟ್ಟರ ಮನೆಗೆ ಹೋದದ್ದು ಹಳೆಯ ಪ್ರಶ್ನೆಪತ್ರಿಕೆ ಕೇಳಲು. ನಾನು ಹೈಸ್ಕೂಲಿನಲ್ಲಿ ಗಣಿತದ ಅಕ್ಕೋರು. ನಮ್ಮ ಕಡೆ ಹೆಣ್ಣು ಮಾಸ್ತರಿಗೆಲ್ಲ ಅಕ್ಕೋರು ಎಂದೇ ಹೆಸರು. ಸ್ವಂತ ಹೆಸರು ಸಂಬಳದ ದಿನ ಮಾತ್ರ ನೆನಪಾಗುವುದು. ಭಾನುವಾರ ಮಧ್ಯಾಹ್ನ, ಮಹಡಿಯ ಮೇಲಿನಿಂದ ಯಾರೋ ಯಾರನ್ನೋ ಯುದ್ಧಕ್ಕೆ ಕರೆಯುವ ಗದ್ದಲ. ನಾನು ಗಾಬರಿಯಾದದ್ದನ್ನು ನೋಡಿ ಭಟ್ಟರ ಹೆಂಡತಿ ತಣ್ಣಗೆ, “ಇವ್ಕೆ ಹೇಳಿ ಪ್ರಯೋಜ್ನ ಇಲ್ಲೆ ಅಕ್ಕೋರೆ, ಆಯ್ತವಾರ ಬಂತು ಅಂದ್ರೆ ರಾಕ್ಷಸರ ಸಂಗಡೇ ಇರ್ತ” ಎಂದರು. ಮೆಟ್ಟಿಲು ಹತ್ತಿ ನೋಡಿದರೆ ಭಟ್ಟರು, ಔಷಧಿ ಅಂಗಡಿಯವರು, ಒಬ್ಬ ವಿಮಾ ಏಜೆಂಟರು, ಇನ್ನೊಬ್ಬ ಬ್ಯಾಂಕಿನವರು. ಎಲ್ಲರೂ ಕೂತಲ್ಲೇ ರಾಜ್ಯಭಾರ ಮಾಡುತ್ತಿದ್ದಾರೆ. ನನಗೆ ಅದು ತಾಳಮದ್ದಲೆಯೆಂದೇ ಕಂಡಿತು. ಮದ್ದಲೆ ಎಲ್ಲಿ ಎಂದು ಕಣ್ಣು ಹುಡುಕಿತು.

ತಾಳಮದ್ದಲೆ ಗೊತ್ತಲ್ಲ? ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ತೆಗೆದರೆ ಉಳಿಯುವುದು ಅದು. ಭಾಗವತರು ಪದ ಹೇಳುತ್ತಾರೆ. ಅರ್ಥ ಹೇಳುವವರು ಪಂಚೆ ಅಂಗಿಯಲ್ಲೇ ಚಾಪೆಯ ಮೇಲೆ ಕೂತು ರಾಜರಾಗುತ್ತಾರೆ, ಋಷಿಗಳಾಗುತ್ತಾರೆ, ಬೇಕಾದರೆ ರಾಣಿಯರೂ ಆಗುತ್ತಾರೆ. ಮಾತಿಗೆ ಬರೆದ ಪಾಠವಿಲ್ಲ, ಅಲ್ಲೇ ಹುಟ್ಟಬೇಕು. ಆದರೂ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುವಂತಿಲ್ಲ. ಕಥೆಯ ಅಂಚು ದಾಟಬಾರದು, ಪಾತ್ರಕ್ಕೆ ಗೊತ್ತಿರದ ಸಂಗತಿ ಪಾತ್ರದ ಬಾಯಿಂದ ಬರಬಾರದು, ಎದುರಿನವನಿಗೆ ಉತ್ತರಕ್ಕೆ ಎಡೆ ಬಿಡಬೇಕು. ಹೀಗೆ ನೋಡಿದರೆ ಈ ಮೇಜಿನ ಆಟವನ್ನು ಪರದೇಶದವರು ಈಚೆಗೆ ಕಂಡುಹಿಡಿದದ್ದು, ನಮ್ಮ ಕರಾವಳಿಯವರು ಅದನ್ನು ಎಷ್ಟೋ ಕಾಲದಿಂದ ದಾಳವಿಲ್ಲದೆ ಆಡುತ್ತಿದ್ದಾರೆ ಎಂದು ನಾನು ಸ್ಟಾಫ್ ರೂಮಿನಲ್ಲಿ ವಾದಿಸಿದ್ದೇನೆ. ಯಾರೂ ಒಪ್ಪಿಲ್ಲ, ಯಾರೂ ಅಲ್ಲಗಳೆದೂ ಇಲ್ಲ. ಬೆಲ್ ಆಗಿತ್ತು.

ನಮ್ಮ ಅಪ್ಪ ಹೊಳೆಯ ದಡದ ಅಘನಾಶಿನಿ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟವರು, ಜೊತೆಗೆ ಒಳ್ಳೆಯ ಅರ್ಥಧಾರಿ. ಬೆಳಿಗ್ಗೆ ಬೆಲ್ಲ ತೂಗಿದ ಕೈಯೇ ಸಂಜೆ ಗದೆ ಹಿಡಿದಂತೆ ಗಾಳಿಯಲ್ಲಿ ಆಡುತ್ತಿತ್ತು. ನಾನು ಸಣ್ಣವಳಿದ್ದಾಗ ಒಂದು ಶ್ರಾವಣದ ಸಂಜೆ ನಮ್ಮ ಜಗಲಿಯಲ್ಲೇ ತಾಳಮದ್ದಲೆ ಇತ್ತು. ಚಾಪೆಯ ತುದಿಯಲ್ಲಿ ಒಂದು ಜಾಗ ಖಾಲಿ ಕಂಡಿತು, ಹೋಗಿ ಕೂತೆ. ಹಿರಿಯರೊಬ್ಬರು ತಲೆ ಸವರಿ, “ಏಳು ತಂಗೀ, ಅದು ಅರ್ಥ ಹೇಳೋರು ಕೂರೂ ಜಾಗ, ಒಳಗೆ ಹೋಗು” ಎಂದರು. ಬೈದದ್ದಲ್ಲ, ಮೆತ್ತಗೆ ಹೇಳಿದ್ದು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಅಪ್ಪ ನೋಡಿದರು, ಆದರೆ ಅವರು ಆಗ ಸಿಂಹಾಸನದ ಮೇಲಿದ್ದರು, ಇಳಿದು ಬರುವ ಹಾಗಿರಲಿಲ್ಲ. ನಾನು ಒಳಗೆ ಹೋಗಿ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು, ಅಮ್ಮ ಕೊಟ್ಟ ಕಾಯಿ ತುರಿಯುತ್ತ, ಎದುರಿನ ಅರ್ಥಧಾರಿಯ ಒಂದೊಂದು ಪ್ರಶ್ನೆಗೂ ಮನಸ್ಸಿನಲ್ಲೇ ಉತ್ತರ ಕೊಟ್ಟೆ. ಕೆಲವು ಉತ್ತರ ಅಪ್ಪನದಕ್ಕಿಂತ ಚೆನ್ನಾಗಿದ್ದವು. ಈಗ ಹೆಂಗಸರ ತಾಳಮದ್ದಲೆಯ ತಂಡಗಳೇ ಆಗಿವೆ, ಸಂತೋಷ. ನಮ್ಮ ಜಗಲಿಯಲ್ಲಿ ಆಗ ಇರಲಿಲ್ಲ.

ಆದ್ದರಿಂದ ಭಟ್ಟರು ಒಂದು ಕುರ್ಚಿಯ ಮೇಲಿನ ಪುಸ್ತಕ ಎತ್ತಿ, “ಕುಂತ್ಕಣಿ ಅಕ್ಕೋರೆ, ನೀವೂ ಒಂದು ಪಾತ್ರ ಮಾಡ್ಕಣಿ” ಎಂದಾಗ ಕೂತುಬಿಟ್ಟೆ. ಪ್ರಶ್ನೆಪತ್ರಿಕೆ ಕೇಳುವುದು ಮರೆತೇ ಹೋಯಿತು.

ಪಾತ್ರ ಮಾಡುವುದು ಸುಲಭವೆಂದುಕೊಂಡಿದ್ದೆ. ಪುರಾಣ ಕೇಳಿ ಬೆಳೆದವಳು, ವೀರರಿಗೇನು ಬರ? ಹತ್ತು ನಿಮಿಷದಲ್ಲಿ ಒಬ್ಬಳನ್ನು ತಯಾರಿಸಿದೆ. ಆನೆಯ ಬಲ, ಋಷಿಯ ತಿಳಿವು, ಎಲ್ಲದರಲ್ಲೂ ತುದಿ. ಭಟ್ಟರು ಕನ್ನಡಕದ ಮೇಲಿಂದ ನೋಡಿ, ಇಪ್ಪತ್ತೈದು ಅಂಕದೊಳಗೆ ಮುಗಿಸಬೇಕು ಎಂದರು. ಬಲಕ್ಕೂ ಬೆಲೆ, ಮಾತಿಗೂ ಬೆಲೆ. ಸಂತೆಗೆ ಹೋದ ಹಾಗೆ ಇರುವುದರಲ್ಲಿ ಕೊಳ್ಳಬೇಕು. ನಾನು ಚೌಕಾಸಿ ಮಾಡಿದೆ. ಇವಳಿಗೆ ಒಂದು ಶಾಪ ಇರಲಿ, ಮುಖ್ಯವಾದ ಹೊತ್ತಿನಲ್ಲಿ ಕಲಿತದ್ದು ಮರೆತುಹೋಗಲಿ, ಅದರ ಬದಲಿಗೆ ಬಲ ಸ್ವಲ್ಪ ಹೆಚ್ಚು ಕೊಡಿ ಎಂದೆ. ಭಟ್ಟರು ನಿಯಮಗ್ರಂಥದ ಜೆರಾಕ್ಸ್ ಪ್ರತಿಯನ್ನು ತಿರುವಿ ಹಾಕಿದರು. ಶಾಪ ಎಂಬ ಅಧ್ಯಾಯ ಅದರಲ್ಲಿರಲಿಲ್ಲ.

ನಮ್ಮ ಜನಕ್ಕೆ ಹೊಂದಿಸಿಕೊಳ್ಳುವ ವಿದ್ಯೆ ರಕ್ತದಲ್ಲೇ ಬಂದಿದೆ. ನನ್ನ ತಮ್ಮನ ಮದುವೆಯಲ್ಲಿ ಜಾತಕ ಕೂಡಿಬರಲಿಲ್ಲ. ಹುಡುಗಿ ಎಲ್ಲರಿಗೂ ಮೆಚ್ಚುಗೆಯಾಗಿದ್ದಳು. ಪುರೋಹಿತರು ಹುಟ್ಟಿದ ಹೊತ್ತನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಿ ಎಂದರು. ನೆನಪು ಮಾಡಿಕೊಂಡೆವು, ಕೂಡಿಬಂತು. ಇಬ್ಬರೂ ಸುಖವಾಗಿದ್ದಾರೆ. ಅಂಥ ಮನೆಯಿಂದ ಬಂದ ನನಗೆ, ಹುಟ್ಟಿದ ಮೇಲೆ ಹೊಂದಿಸಲಾಗದ ಈ ಪಾತ್ರದ ಲೆಕ್ಕ ಬಲು ಬಿಗಿಯಾಗಿ ಕಂಡಿತು.

ಗ್ರಂಥದಲ್ಲಿ ಯೋಧ, ಮಂತ್ರವಾದಿ, ಕಳ್ಳ, ಪೂಜಾರಿ ಎಂದು ನಾಲ್ಕು ಬಗೆ ಇತ್ತು. ನನಗೆ ನಾಲ್ಕೂ ಬೇಡವಾಗಿತ್ತು. ದೋಣಿ ದಾಟಿಸುವ ಹೆಂಗಸು ಆಗಬಹುದೇ ಎಂದು ಕೇಳಿದೆ. ತಾರಿಯ ದೋಣಿಯಲ್ಲಿ ಓಡಾಡಿ ಬೆಳೆದವಳಿಗೆ ಅದಕ್ಕಿಂತ ದೊಡ್ಡ ಅಧಿಕಾರ ಹೊಳೆಯಲಿಲ್ಲ; ರಾಜನಾದರೂ ಸರಿ, ಹೊಳೆಯ ನಡುವೆ ದೋಣಿಯವಳು ಹೇಳಿದಲ್ಲಿ ಕೂರಬೇಕು. ಭಟ್ಟರು ಒಂದು ವಾರ ಗ್ರಂಥ ಶೋಧಿಸಿದರು. ಯೋಧ ಎಂದರೆ ಕತ್ತಿಯನ್ನೇ ಹಿಡಿಯಬೇಕೆಂದು ಎಲ್ಲೂ ಹೇಳಿಲ್ಲ, ದೋಣಿಯ ಹುಟ್ಟನ್ನು ದೊಣ್ಣೆಯ ಲೆಕ್ಕಕ್ಕೆ ಹಿಡಿಯಬಹುದು, ಈಜು ಬರುತ್ತದೆಂದು ಬರೆಯಲು ಅಡ್ಡಿಯಿಲ್ಲ ಎಂದು ತೀರ್ಮಾನ ಬಂತು. ಹೀಗೆ ಸುಬ್ಬಿ ಯೋಧೆಯಾದಳು. ನಾನು ಮೈಮರೆತು ಅವಳ ಊರು, ಕೇರಿ, ಅವಳ ಅಜ್ಜಿಗೆ ಮೊಸಳೆ ಕಂಡ ಕಥೆ ಎಲ್ಲ ಬರೆದೆ. ಹಾಳೆಯಲ್ಲಿ ಅದಕ್ಕೆ ಬಿಟ್ಟ ಜಾಗ ಎರಡು ಗೆರೆ. ಹಿಂಬದಿ ತುಂಬಿತು.

ಕೊನೆಗೆ ಇಪ್ಪತ್ತೈದೂ ಮುಗಿಯಿತು. ಮಾತು ಮಾತ್ರ ನಾನು ಬಯಸಿದ್ದಕ್ಕಿಂತ ಒಂದು ಕಡಿಮೆ ಉಳಿಯಿತು. ನಾನು ಆಟಕ್ಕೆ ಕೂತದ್ದೇ ಮಾತಿಗಾಗಿ. ನಾನು ಹಾಳೆಯನ್ನೂ ಭಟ್ಟರನ್ನೂ ನೋಡಿದೆ. ಮೀನಿನ ಬುಟ್ಟಿಯ ಎದುರು ಕೈಚೀಲ ಹಿಡಿದು ನಿಂತವರು ಮೀನು ಮಾರುವವಳ ಮುಖ ನೋಡುತ್ತಾರಲ್ಲ, ಹಾಗೆ. ಭಟ್ಟರಿಗೆ ಅರ್ಥವಾಯಿತು. “ತಕಣಿ ಅಕ್ಕೋರೆ, ಒಂದು ಕೊಸರು” ಎಂದರು.

ಇದರಲ್ಲಿ ಕದ್ದದ್ದು, ಮುಚ್ಚಿದ್ದು ಏನೂ ಇಲ್ಲ. ಬಂಗಡೆ ಎಣಿಸಿ ಹಾಕಿದ ಮೇಲೆ ಮೇಲೊಂದು ಬೀಳಬೇಕು. ಹರಿವೆಯ ಕಟ್ಟು ಕೊಂಡರೆ ಎರಡು ಹಸಿಮೆಣಸು ಬರಬೇಕು. ನಮ್ಮ ಅಪ್ಪನ ಅಂಗಡಿಯಲ್ಲಿ ತಕ್ಕಡಿ ಸಮನಾದ ಮೇಲೆ ಒಂದು ಚಿಟಿಕೆಯಾದರೂ ಹಾಕದೆ ಪೊಟ್ಟಣ ಕಟ್ಟುತ್ತಿರಲಿಲ್ಲ. ಕೊಸರಿಲ್ಲದ ವ್ಯಾಪಾರ ಮುಖ ತಿರುಗಿಸಿಕೊಂಡು ಮಾಡಿದ ವ್ಯಾಪಾರ. ಕೊಸರು ಲೆಕ್ಕಕ್ಕೂ ಸೇರುವುದಿಲ್ಲ. ಡಜನ್ ಬಂಗಡೆ ತಂದೆ ಎನ್ನುತ್ತೇವೆಯೇ ಹೊರತು ಹದಿಮೂರು ತಂದೆ ಎನ್ನುವುದಿಲ್ಲ. ಕುಮಟೆಯ ಮೇಜಿನಲ್ಲಿ ಎಲ್ಲರಿಗೂ ಭಟ್ಟರು ಒಂದೊಂದು ಕೊಟ್ಟಿದ್ದರು. ತಾವೂ ಒಂದು ತೆಗೆದುಕೊಂಡಿದ್ದರು.

ಆ ವರ್ಷ ಮೂರೂ ಊರಿನವರು ಭಟ್ಕಳದಲ್ಲಿ ಸೇರಿ ಆಡುವುದೆಂದು ಗೊತ್ತಾಯಿತು. ಇರ್ಫಾನ್ ಭಾಯಿ ದುಬೈಯಲ್ಲಿ ಸೇರಿದ್ದ ಆಟಗಾರರ ಸಂಘದ ಕ್ರಮದಲ್ಲೇ ಎಲ್ಲ ನಡೆಯುವುದು. ಬೆಳಿಗ್ಗೆ ಪಾತ್ರಗಳ ತಪಾಸಣೆ. ಸರಿಯಿದ್ದರೆ ಸಹಿ, ಮೊಹರು. ಮೊಹರು ಬಿದ್ದ ಪಾತ್ರ ಆ ಸಂಘದ ಯಾವ ಮೇಜಿಗೆ ಹೋದರೂ ಕೂರಬಹುದು, ಅದು ಯಾವ ದೇಶದ್ದೇ ಆಗಲಿ. ಸರಿಯಿಲ್ಲದಿದ್ದರೆ ನಮ್ಮ ಪಾತ್ರ ಬದಿಗಿಟ್ಟು ಅವರು ಕೊಡುವ ರೆಡಿಮೇಡ್ ಪಾತ್ರದಲ್ಲಿ ಆಡಬೇಕು. ರೆಡಿಮೇಡ್ ರವಿಕೆ ತೊಟ್ಟವರಿಗೆ ಆ ಸಂಕಟ ಗೊತ್ತು. ನಾನು ರಾತ್ರಿಯಿಡೀ ಸುಬ್ಬಿಗೆ ಮೊಹರು ಬೀಳುವುದನ್ನೇ ನೆನೆಸಿಕೊಂಡೆ. ನಿನಗೇ ಪಾಸ್‌ಪೋರ್ಟ್ ಇಲ್ಲ, ಸುಬ್ಬಿಗೆ ಬೇಕೇ ಎಂದು ಯಜಮಾನರು ನಗಾಡಿದರು. ಬೇಕಾಗಿತ್ತು. ಯಾಕೆ ಅಷ್ಟು ಬೇಕಾಗಿತ್ತು ಎಂಬುದು ನನಗೂ ಆಗ ಪೂರ್ತಿ ತಿಳಿದಿರಲಿಲ್ಲ.

ಟೆಂಪೋದಲ್ಲಿ ಹೊನ್ನಾವರಕ್ಕೆ ಹೋಗಿ, ಅಲ್ಲಿಯವರನ್ನು ಕೂಡಿಕೊಂಡು, ಬಸ್ಸಿನಲ್ಲಿ ಭಟ್ಕಳ ಸೇರಿದೆವು. ಅಂಗಡಿಯ ಮಹಡಿಯಲ್ಲಿ ಬಟ್ಟೆಯ ಥಾನುಗಳನ್ನು ಗೋಡೆಗೆ ಸರಿಸಿ ದೊಡ್ಡ ಮೇಜು ಹಾಕಿದ್ದರು. ಇರ್ಫಾನ್ ಭಾಯಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತಿದ್ದರು. ಔಷಧಿ ಅಂಗಡಿಯವರ ಹಾಳೆ ನೋಡಿದರು, ಇಪ್ಪತ್ತಾರು. ವಿಮಾ ಏಜೆಂಟರದು, ಇಪ್ಪತ್ತಾರು. ಬ್ಯಾಂಕಿನವರದೂ ಅದೇ. ಸುಬ್ಬಿಯನ್ನು ಎರಡು ಸಲ ಕೂಡಿಸಿದರು. ಕೊನೆಗೆ ಕುಮಟೆಯವರಿಗೆಲ್ಲ ಈ ಒಂದೊಂದು ಎಲ್ಲಿಂದ ಬಂತು ಎಂದು ಕೇಳಿದರು.

ಭಟ್ಟರು ಅದು ಕೊಸರು ಎಂದರು. ಕೊಸರನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇಲ್ಲವೆಂದರು. ಬೇಕಾದರೆ ಅಕ್ಕೋರನ್ನು ಕೇಳಿ, ಅವರು ಗಣಿತದವರು ಎಂದು ನನ್ನ ಕಡೆ ಕೈ ತೋರಿಸಿದರು. ಇಷ್ಟು ವರ್ಷ ಕೂಡಿಸು ಕಳೆ ಕಲಿಸಿದ ನಾನು ಎಲ್ಲರೆದುರು ನೆಟ್ಟಗೆ ಕೂತು, ಇಪ್ಪತ್ತೈದು ಮತ್ತು ಒಂದು ಕೊಸರು ಸೇರಿದರೆ ಇಪ್ಪತ್ತೈದೇ ಎಂದು ಸಾಕ್ಷಿ ಹೇಳಿದೆ. ಭಟ್ಕಳದವರು ನಕ್ಕರು. ಹೊನ್ನಾವರದವರು ನಗಲಿಲ್ಲ. ಅವರು ತಮ್ಮ ಹಾಳೆಗಳನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡು ರಬ್ಬರ್ ಹುಡುಕುತ್ತಿದ್ದರು.

ಇರ್ಫಾನ್ ಭಾಯಿ ಸಿಟ್ಟಾಗಲಿಲ್ಲ. ತಮ್ಮ ಅಮ್ಮನೂ ಕೊಸರಿಲ್ಲದೆ ಮೀನು ಪೇಟೆಯಿಂದ ಹಿಂದೆ ಬಂದವರಲ್ಲ ಎಂದರು. ಆಮೇಲೆ ಸುಬ್ಬಿಯ ಹಾಳೆಯನ್ನು ನನ್ನ ಕಡೆಗೆ ಸರಿಸಿ, “ಅಕ್ಕೋರೆ, ನಿಮ್ಮ ಸುಬ್ಬಿ ನಾಳೆ ಯಾವ ಊರಿನ ಮೇಜಿಗೆ ಹೋದ್ರೂ, ಕೂತ ಮೇಲೆ ಅವಳನ್ನ ಯಾರೂ ಏಳು ಅನ್ನಬಾರ್ದು. ಈ ಒಂದು ಇದ್ರೆ ಅನ್ನಬಹುದು” ಎಂದರು.

ನಿಯಮವೆಂದರೆ ಬೇಲಿ, ಒಳಗೆ ಬಾರದಂತೆ ತಡೆಯಲು ಇರುವುದು ಎಂದೇ ನಾನು ತಿಳಿದಿದ್ದೆ. ಜಗಲಿಯ ಚಾಪೆಗೆ ಯಾವ ನಿಯಮವೂ ಬರೆದಿರಲಿಲ್ಲ, ಆದ್ದರಿಂದಲೇ ಅಲ್ಲಿ ಯಾರು ಬೇಕಾದರೂ ನನ್ನನ್ನು ಎಬ್ಬಿಸಬಹುದಿತ್ತು. ಇಲ್ಲಿ ಬರೆದಿದೆ. ಲೆಕ್ಕ ಸರಿಯಿದ್ದರೆ ಎಬ್ಬಿಸಲು ಯಾರಿಗೂ ಅಧಿಕಾರವಿಲ್ಲ. ಆ ಕ್ಷಣದಿಂದ ನಿಯಮಗ್ರಂಥದ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಇಳಿದಿಲ್ಲ.

ಊಟದ ತನಕ ತಿದ್ದಲು ಸಮಯ ಕೊಟ್ಟರು. ಔಷಧಿ ಅಂಗಡಿಯವರು ತಿಳಿವಿನಿಂದ ಒಂದು ಅಳಿಸಿ, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ನಾನು ಪೆನ್ಸಿಲ್ ಹಿಡಿದು ಕೂತೇ ಇದ್ದೆ. ಕೊಸರು ಹೋಗಿದ್ದು ಮಾತಿಗೆ, ಮಾತಿನಿಂದಲೇ ತೆಗೆಯುವುದು ನ್ಯಾಯ ಎಂದು ಬ್ಯಾಂಕಿನವರು ಸೂಚಿಸಿದರು. ನ್ಯಾಯವೇ. ಆದರೆ ಮಾತು ತೆಗೆದರೆ ನಾನು ಅಲ್ಲಿಗೆ ಬಂದದ್ದಾದರೂ ಏಕೆ? ಚುರುಕು ತೆಗೆದರೆ ಈಜು ಹೋಯಿತು, ತಿಳಿವು ತೆಗೆದರೆ ಹೊಳೆಯ ಗುರುತು ಹೋಯಿತು. ತಾಳಿಕೆ ತೆಗೆದರೆ ಹೆಂಗಸೇ ಅಲ್ಲ. ಬಲ ತೆಗೆದರೆ ಹುಟ್ಟು ಹಾಕುವುದು ಹೇಗೆ? ಯೋಚಿಸುತ್ತ ನನ್ನ ಬಲಭುಜ ಒತ್ತಿಕೊಂಡೆ. ಬೋರ್ಡಿನ ಮೇಲೆ ಬರೆದೂ ಬರೆದೂ ಅದು ಆಗಲೇ ನೋಯಲು ಶುರುವಾಗಿತ್ತು. ಹಾಗೆ ಒತ್ತಿಕೊಳ್ಳುವಾಗ ಸುಬ್ಬಿಯ ಭುಜವೂ ಕಂಡಿತು. ಅಲ್ಲಿಯ ತನಕ ಅವಳಿಗೆ ವಯಸ್ಸೇ ಇರಲಿಲ್ಲ. ಬಲದಿಂದ ಒಂದು ಅಳಿಸಿದೆ, ಅವಳ ವಯಸ್ಸು ನಲವತ್ತು ದಾಟಿತು. ಅವಳು ಇನ್ನು ಒಬ್ಬಳೇ ನೆರೆ ಬಂದ ಹೊಳೆ ದಾಟಲಾರಳು. ಆದರೆ ಈಗ ಅವಳು ಮೇಜಿನ ಮೇಲೆ ಉಸಿರಾಡುತ್ತಿದ್ದಳು. ಇರ್ಫಾನ್ ಭಾಯಿ ಕೂಡಿಸಿ ನೋಡಿ, ಸಹಿ ಹಾಕಿ ಮೊಹರು ಒತ್ತಿದರು.

ಊಟಕ್ಕೆ ಕೆಳಗಿನಿಂದ ಬಿರಿಯಾನಿ ಬಂತು. ಭಟ್ಟರಿಗೆ ಬೇರೆಯಾಗಿ, ಹೊಸ ಪಾತ್ರೆಯಲ್ಲಿ, ಒಗ್ಗರಣೆ ಅವಲಕ್ಕಿ. ಆಮೇಲೆ ಆಟ.

ಕಥೆ ಹೀಗಿತ್ತು. ಹೊಳೆಗೆ ನೆರೆ ಬಂದಿದೆ. ಆಚೆ ದಡದ ಹಳ್ಳಿಗೆ ದರೋಡೆಕೋರರು ನುಗ್ಗಲಿದ್ದಾರೆ, ಹಳ್ಳಿಯವರಿಗೆ ಗೊತ್ತಿಲ್ಲ. ಈಚೆ ದಡದಲ್ಲಿ ಒಂದೇ ದೋಣಿ, ಸುಬ್ಬಿಯದು. ಹುಟ್ಟು ಹಾಕಲು ಸುಬ್ಬಿಯ ಬಲ ಸಾಲದು, ಅದನ್ನು ನಾನೇ ಬೆಳಿಗ್ಗೆ ಅಳಿಸಿದ್ದೆ. ನಮ್ಮ ಉಳಿದವರೆಲ್ಲ ಹಿಂದಿನ ಕಾಳಗದಲ್ಲಿ ಪೆಟ್ಟು ತಿಂದು ಮಲಗಿದ್ದರು. ದಡದಲ್ಲಿದ್ದವರು ರಾಜನ ಸೈನಿಕರು ಮಾತ್ರ. ಅವರ ದಳಪತಿಯ ಮಾತನ್ನು ಇರ್ಫಾನ್ ಭಾಯಿಯೇ ಆಡುತ್ತಿದ್ದರು. ಹುಟ್ಟು ಹಿಡಿಯುವುದು ಸೈನಿಕರ ಕೆಲಸವಲ್ಲ ಎಂದ ಆ ದಳಪತಿ. ಹೆಂಗಸು ಅಡ್ಡ ನಿಲ್ಲದೆ ಮನೆಯೊಳಗೆ ಹೋಗಲಿ ಎಂದ.

ಒಳಗೆ ಹೋಗು ಎಂಬುದನ್ನು ಅವರು ಬೇಕೆಂದು ಹೇಳಿದ್ದಲ್ಲ. ನನ್ನ ಜಗಲಿಯ ಕಥೆ ಅವರಿಗೆ ಗೊತ್ತೂ ಇರಲಿಲ್ಲ. ಆದರೆ ಕಾಯಿ ತುರಿಯುತ್ತ ಮನಸ್ಸಿನಲ್ಲಿ ಕೊಟ್ಟ ಉತ್ತರಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು. ನಾನು ಅಪ್ಪನ ಹಾಗೆ ಬೆನ್ನು ನೆಟ್ಟಗೆ ಮಾಡಿ, ಅಪ್ಪನ ಹಾಗೆ ಕೈಯನ್ನು ಗಾಳಿಗೆ ಎತ್ತಿ, ಮಾತು ಎತ್ತಿದೆ. ಎಲ್ಲ ನೆನಪಿಲ್ಲ, ಇಷ್ಟು ನೆನಪಿದೆ. “ದಳಪತಿಗಳೇ, ಹೊಳೆಗೆ ರಾಜಮುದ್ರೆ ತೋರಿಸಿದರೆ ಅದು ದಾರಿ ಬಿಡುವುದಿಲ್ಲ. ನನ್ನ ಭುಜ ಸೋತಿದೆ, ಆದರೆ ಈ ಹೊಳೆಯ ಸುಳಿ ಎಲ್ಲೆಂದು ನನಗೆ ಗೊತ್ತು. ನಿಮ್ಮ ಭುಜ ಗಟ್ಟಿಯಿದೆ, ಹೊಳೆ ನಿಮಗೆ ಗೊತ್ತಿಲ್ಲ. ಒಂದೇ ದೋಣಿಯಲ್ಲಿ ಕೂರದೆ ನಿಮಗೂ ಗತಿಯಿಲ್ಲ, ನನಗೂ ಗತಿಯಿಲ್ಲ, ಆಚೆ ದಡದಲ್ಲಿ ಮಲಗಿರುವ ಮಕ್ಕಳಿಗಂತೂ ಇಲ್ಲವೇ ಇಲ್ಲ.”

ಮುಗಿದಾಗ ಭಟ್ಟರ ಕೈಯಲ್ಲಿದ್ದ ಚಾ ಆರಿತ್ತು. ಇರ್ಫಾನ್ ಭಾಯಿ ಎದುರಿನ ಪುಸ್ತಕ ಮುಚ್ಚಿ, “ಆತು ಅಕ್ಕೋರೆ. ಇದಕ್ಕೆ ದಾಳ ಬೇಡ, ಸೈನಿಕರು ದೋಣಿ ಹತ್ತಿದ್ರು” ಎಂದರು.

ಇಷ್ಟು ವರ್ಷ ಕಾದ ಹೊಗಳಿಕೆ ಅದು. ಒಪ್ಪಿಕೊಂಡಿದ್ದರೆ ಆ ಮೇಜಿನಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ. ನನಗೂ ಬಾಯಲ್ಲಿ ನೀರೂರಿತು. ಆದರೆ ಮೇಜಿನ ಮೇಲೆ ಬೆಳಿಗ್ಗೆ ಮೊಹರು ಬಿದ್ದ ಹಾಳೆ ಇತ್ತು.

“ಅದು ಕೊಸರು, ಇರ್ಫಾನ್ ಭಾಯಿ” ಎಂದೆ. “ಸುಬ್ಬಿಗೆ ಕೊಸರು ಬೇಡ. ದಾಳ ಹಾಕ್ತೆ.”

ಹಾಕಿದೆ. ಹಾಕಿದ ರಭಸಕ್ಕೆ ದಾಳ ಮೇಜು ದಾಟಿ, ಥಾನುಗಳ ಬುಡಕ್ಕೆ ಉರುಳಿ, ದೊಡ್ಡದೊಂದು ಅಂಕೆ ತೋರಿಸಿ ನಿಂತಿತು. ಹೊನ್ನಾವರದವರು ಎದ್ದು ನಿಂತು ಗೆದ್ದಿರಿ ಎಂದರು. ನೆಲಕ್ಕೆ ಬಿದ್ದ ದಾಳ ನಡೆಯುವುದಿಲ್ಲ ಎಂಬ ನಿಯಮ ಇತ್ತು, ಅದನ್ನು ನಾನೇ ನೆನಪಿಸಬೇಕಾಯಿತು. ಬಗ್ಗಿ ಹೆಕ್ಕಿ ತಂದು ಮತ್ತೆ ಹಾಕಿದೆ. ಈ ಸಲ ಮೇಜಿನ ಮೇಲೇ ನಿಂತಿತು. ಬಿದ್ದದ್ದಕ್ಕೆ ಸುಬ್ಬಿಯ ಮಾತಿನ ಅಂಕೆ ಕೂಡಿಸಿದರು. ಬೇಕಾದಷ್ಟೇ ಬಂತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ದಾಳ ಕೂಡ ನನಗೆ ಕೊಸರು ಕೊಡಲಿಲ್ಲ. ಸೈನಿಕರು ಈಟಿ ಕೆಳಗಿಟ್ಟು ಹುಟ್ಟು ಹಿಡಿದರು. ಸುಬ್ಬಿ ಚುಕ್ಕಾಣಿಯ ಬಳಿ ಕೂತು, ಎಡಕ್ಕೆ, ಬಲಕ್ಕೆ ಎಂದು ರಾಜನ ಸೈನ್ಯವನ್ನು ದಾಟಿಸಿದಳು.

ಹೆಮ್ಮೆಯಾಯಿತು ಎಂದು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಅಷ್ಟು ಮರ್ಯಾದೆಯಲ್ಲ. ನಾನು ಹೇಳುತ್ತೇನೆ, ಆಯಿತು. ತಿರುಗಿ ಬರುವ ಬಸ್ಸಿನಲ್ಲಿ ಹೊನ್ನಾವರದ ಹತ್ತಿರದ ಕಾಸರಕೋಡ ದಾಟಿ ಶರಾವತಿಯ ಸೇತುವೆಯ ಮೇಲೆ ಬರುವಾಗ ಕಿಟಕಿಯಿಂದ ಹೊಳೆ ನೋಡುತ್ತ ಹಾಳೆಯನ್ನು ಎರಡು ಸಲ ಚೀಲದಿಂದ ತೆಗೆದು ನೋಡಿದೆ. ಮರುದಿನ ಯಜಮಾನರೇ ಗಾಜು ಹಾಕಿಸಿಕೊಂಡು ಬಂದರು. ತಮ್ಮ ಆಫೀಸಿನಲ್ಲಿ ಎಲ್ಲರಿಗೂ ಕಥೆ ಹೇಳಿದ್ದರಂತೆ. ಅವರ ಕಥೆಯಲ್ಲಿ ಸೈನಿಕರು ಮೂರು ಪಟ್ಟು ಹೆಚ್ಚಿದ್ದರು.

ಕೆಲವು ತಿಂಗಳ ಮೇಲೆ ಅಪ್ಪ ಕಣ್ಣು ತೋರಿಸಲು ಕುಮಟೆಗೆ ಬಂದರು. ಚಾ ಬರುವ ತನಕ ಅವರೂ ಶೋಕೇಸು ನೋಡಿದರು, ಕೇಳಿದರು, ನಾನು ಎಲ್ಲ ಹೇಳಿದೆ. ಅರ್ಥ ಹೇಳುವುದಕ್ಕೆ ಅಂಕೆ ಯಾಕೆ ಎಂದು ಮೂಗು ಮುರಿದರು. ನನ್ನ ಮಾತನ್ನು ಮಾತ್ರ ಎರಡನೆಯ ಸಲ ಹೇಳಿಸಿ, ಕಣ್ಣು ಮುಚ್ಚಿಕೊಂಡು ಕೇಳಿದರು. ಸುಳಿಯ ಮಾತು ಚೆನ್ನಾಗಿದೆ ಎಂದರು. ಭಾನುವಾರ ಮಧ್ಯಾಹ್ನ ನಾನು ಆಟಕ್ಕೆಂದು ಸೀರೆ ಬದಲಿಸಿ ಬಂದು ನೋಡಿದರೆ, ಅವರು ಶಲ್ಯ ಹೊದ್ದು ಬಾಗಿಲಲ್ಲಿ ನಿಂತಿದ್ದರು.

ಭಟ್ಟರ ಮಹಡಿಯಲ್ಲಿ ಅವರ ಪಾತ್ರವನ್ನು ನಾನೇ ಕೂಡಿಸಿದೆ. ಒಬ್ಬ ಮುದುಕ ರಾಜ. ಅಂಕಗಳನ್ನು ಹೆಚ್ಚುಕಡಿಮೆ ಎಲ್ಲ ಅಪ್ಪ ಮಾತಿಗೇ ಸುರಿದರು. ಮುಗಿಯಿತು ಎಂದಾಗ ಹಾಳೆಯನ್ನೂ ನನ್ನನ್ನೂ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. “ಒಂದು ಕೊಸರು ಇಲ್ದಾ, ತಂಗೀ?” ಎಂದರು.

ಇಲ್ಲ ಎಂದೆ. ಜೀವಮಾನವಿಡೀ ಯಾರಿಗೂ ಕೊಸರು ಇಲ್ಲವೆನ್ನದ ಮನುಷ್ಯ ನನ್ನ ಮುಖವನ್ನೇ ನೋಡಿದರು. ಭಟ್ಟರು ಪಾಪ, ನೆಲ ನೋಡಿದರು. ಆಮೇಲೆ ಅಪ್ಪನೇ ಪೆನ್ಸಿಲ್ ಎತ್ತಿ, ಬಲದಲ್ಲಿ ಉಳಿದಿದ್ದ ಒಂದನ್ನೂ ಅಳಿಸಿ ಮಾತಿಗೆ ಸೇರಿಸಿದರು. ಆದರೂ ಕೂರಲಿಲ್ಲ. ಮೇಜಿನ ಸುತ್ತ ಎಲ್ಲರೂ ಅವರವರ ಕುರ್ಚಿಯಲ್ಲಿದ್ದರು. ತನ್ನ ಜಾಗ ಯಾವುದೆಂದು ತಿಳಿಯದೆ, ಶಲ್ಯದ ಅಂಚು ಹಿಡಿದುಕೊಂಡು ಮೆಟ್ಟಿಲ ಬಳಿಯೇ ನಿಂತಿದ್ದರು. ನಾನು ನನ್ನ ಪಕ್ಕದ ಕುರ್ಚಿಯ ಮೇಲಿನ ಪುಸ್ತಕ ಎತ್ತಿದೆ.

“ಇಲ್ಲಿ ಕುಂತ್ಕೋ ಅಪ್ಪ” ಎಂದೆ. “ಲೆಕ್ಕ ಸರಿ ಅದೆ. ಯಾರೂ ಎಬ್ಬಿಸೂದಿಲ್ಲ.”

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿದರು. ಆ ಶ್ರಾವಣದ ಸಂಜೆ ಅವರಿಗೂ ನೆನಪಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಬಂದು ಪಕ್ಕದಲ್ಲಿ ಕೂತರು, ಬೆನ್ನು ನೆಟ್ಟಗೆ ಮಾಡಿದರು, ಕೈಯನ್ನು ಗಾಳಿಗೆ ಎತ್ತಿದರು. ಮತ್ತೆ ಮಾತು ಎತ್ತಿದರು ನೋಡಿ, ಚಾ ಎರಡು ಸಲ ಬಂದು ಹೋಯಿತು, ರಾಕ್ಷಸ ಗುಹೆಯಲ್ಲೇ ಕಾದು ಬೇಸತ್ತ. ಇನ್ನು ಅವರನ್ನು ಆ ಕುರ್ಚಿಯಿಂದ ಎಬ್ಬಿಸುವುದು ನಿಯಮಗ್ರಂಥದಿಂದಲೂ ಆಗುವ ಕೆಲಸವಲ್ಲ.